ಮಡಚದ ಬೆರಳಿಗೆ ಕೆಂಪು ಕಲ್ಲಿನ ಪಾತಿ

ಮುಷ್ಟಿ ಕಟ್ಟಲಾಗದವಳು ತರಕಾರಿ ಬೆಳೆದು ಮಾರುತ್ತಾಳೆ ಎಂದರೆ ನಮ್ಮ ಕಾಸರಗೋಡಿನ ಪೆರ್ಲ ಕಡೆ ಮೊದಮೊದಲು ಯಾರೂ ನಂಬಲಿಲ್ಲ. “ಅತ್ತಿಗೆ, ನಿಮಗೆ ಬಾಟಲಿಯ ಮುಚ್ಚಳ ತಿರುಗಿಸಲಿಕ್ಕೇ ಆಗುವುದಿಲ್ಲ, ಇನ್ನು ಬೆಂಡೆ ನೆಡುವುದು ಯಾಕೆ? ಪೇಟೆಯಲ್ಲಿ ಸಿಗುವುದಿಲ್ಲವಾ?” ಎಂದಿದ್ದ ಮೈದುನನೇ ಕಳೆದ ಬಿಸುವಿಗೆ, ಅಂದರೆ ನಮ್ಮ ಸೌರಮಾನ ಯುಗಾದಿಗೆ, ಕಣಿ ಇಡುವ ಸೌತೆಕಾಯಿಯನ್ನು ನಮ್ಮ ಅಂಗಳದಿಂದ ಕೊಂಡುಹೋದ. ದುಡ್ಡು ಕೊಟ್ಟೇ ಕೊಂಡುಹೋದ. ನಾನೂ ಬೇಡ ಎನ್ನಲಿಲ್ಲ.

ಕೈತೋಟದ ಪಾಠ ಇಲ್ಲಿ ಬರೆಯುವುದಿಲ್ಲ. ಸುಡುಮಣ್ಣು ಮಾಡುವುದು ಹೇಗೆ, ಅಲಸಂಡೆಗೆ ಯಾವಾಗ ಚಪ್ಪರ ಹಾಕಬೇಕು ಎಂಬುದೆಲ್ಲ ಓದುವವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬಿಟ್ಟುಹೋಗದ ಕಾಯಿಲೆ ಮೈಯಲ್ಲಿಟ್ಟುಕೊಂಡವರು ತೋಟವನ್ನು ತಮ್ಮ ಅಳತೆಗೆ ಹೇಗೆ ತಂದುಕೊಳ್ಳಬಹುದು ಎಂಬುದಷ್ಟೇ ನನಗೆ ಹೇಳಲಿಕ್ಕಿರುವುದು.

ನನ್ನದು ರುಮಟಾಯ್ಡ್ ಸಂಧಿವಾತ. ಹದಿನಾಲ್ಕು ಹದಿನೈದು ವರ್ಷ ಆಗಿರಬೇಕು. ಬೆಳಗ್ಗೆ ಎದ್ದರೆ ಬೆರಳು ಸಡಿಲವಾಗಲು ಒಂದು ಗಂಟೆ ಬೇಕಿತ್ತು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಅದರ ಜತೆಗೆ ಫೋಲಿಕ್ ಆಸಿಡ್, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್. ಡಾಕ್ಟರು ಇರುವುದು ಮಂಗಳೂರಿನಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ಕೊರೋನಾಕ್ಕೆ ಒಳ್ಳೆಯದಂತೆ ಎಂಬ ಸುದ್ದಿಯಾಗಿ ನನ್ನ ದಿನದ ಮಾತ್ರೆಯೂ ಮೆಡಿಕಲಿನಲ್ಲಿ ಖಾಲಿ. ಆ ಎರಡು ಮೂರು ತಿಂಗಳು ಗಂಟುಗಳು ಊದಿಕೊಂಡದ್ದಕ್ಕಿಂತ ತಲೆ ಕೆಟ್ಟದ್ದೇ ಹೆಚ್ಚು. ಹಾಗೆಂದು ಆರೋಗ್ಯಕ್ಕಾಗಿ ತೋಟ ಶುರುಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ತರಕಾರಿ ಗಾಡಿ ಬರುತ್ತಿರಲಿಲ್ಲ, ಅಷ್ಟೇ.

ಮೊದಲು ಗ್ರೋ ಬ್ಯಾಗ್, ಮಣ್ಣು ತುಂಬಿ ಗಿಡ ನೆಡುವ ಪ್ಲಾಸ್ಟಿಕ್ ತೊಟ್ಟೆ. ಸುಮಾರು 40 ತೊಟ್ಟೆ ತರಿಸಿ ತಾರಸಿಯಲ್ಲಿ ಸಾಲಾಗಿ ಇಟ್ಟೆವು. ಮೆಟ್ಟಿಲು ಹತ್ತಿದರೆ ಮೊಣಕಾಲು ಕೇಳುವುದಿಲ್ಲ, ಅಂಗಳಕ್ಕೆ ಇಳಿಸಿದರೆ ಬಗ್ಗಬೇಕು. ಎರಡನೆಯ ಬೇಸಗೆಗೆ ತೊಟ್ಟೆ ಮುಟ್ಟಿದಲ್ಲಿ ಹರಿಯತೊಡಗಿತು. ಬಿಸಿಲಿಗೆ ಐದು ವರ್ಷ ತಡೆಯುತ್ತದೆ ಎಂದಿದ್ದ ಅಂಗಡಿಯವರ ಹೆಸರು ಇಲ್ಲಿ ಬೇಡ. ಮಣ್ಣು, ಗೊಬ್ಬರ, ಆಳಿನ ಕೂಲಿ ಸೇರಿ ಮೂರು ಮೂರೂವರೆ ಸಾವಿರ ಹೋಯಿತು.

ಆಮೇಲೆ ಅಡಿಕೆ ಸಲಾಕೆಯ ಮೇಜು. ಬಿದ್ದ ಕಂಗು, ಅಂದರೆ ಅಡಿಕೆ ಮರ, ಮನೆಯಲ್ಲೇ ಇತ್ತು, ಸೀಳಿ ಸೊಂಟದೆತ್ತರಕ್ಕೆ ಅಟ್ಟಳಿಗೆ ಮಾಡಿಸಿ ಒಂದು ಗೇಣು ಮಣ್ಣು ತುಂಬಿದೆವು. ನೋಡಲು ಬಲು ಚಂದ. ಹರಿವೆ ಬಂದದ್ದನ್ನು ನೋಡಿ ನಾಲ್ಕು ಜನ ಫೋಟೋ ತೆಗೆದರು. ಆಟಿ ತಿಂಗಳ ಮಳೆಗೆ ಸಲಾಕೆ ಕೊಳೆತು ಕುಂಬಾಗಿ ನಡುರಾತ್ರಿ ಮಣ್ಣು ಸಮೇತ ಕೂತುಬಿಟ್ಟಿತು. ಬಡಗಿಯ ಕೂಲಿ ಎರಡು ದಿನದ್ದು, ಮೊಳೆ, ಹಗ್ಗ ಎಲ್ಲ ಸೇರಿ ನಾಲ್ಕು ಸಾವಿರದ ಮೇಲೆ. ಮೈದುನ ನಕ್ಕದ್ದು ಆಗಲೇ.

ನಡುವೆ ಒಂದು ಫ್ರಿಜ್ಜಿನ ಕತೆ ಇದೆ. ತಮ್ಮನ ಮನೆಯಲ್ಲಿ ಕೆಟ್ಟು ಕೂತ ಹಳೆಯ ಫ್ರಿಜ್ಜನ್ನು ಗುಜರಿಯವನಿಗೆ ಕೊಡಲು ಬಿಡದೆ ತರಿಸಿ, ಹಿಂದಿನ ಕಂಪ್ರೆಸರ್ ತೆಗೆಸಿ, ಬಾಗಿಲು ಕಿತ್ತು, ಕಲ್ಲಿನ ಮೇಲೆ ಅಂಗಾತ ಮಲಗಿಸಿದೆ. ಅಡಿಗೆ ಏಳೆಂಟು ತೂತು ಕೊರೆಸಿದೆ. ಎಲ್ಲರೂ ತಮಾಷೆ ಮಾಡಿದರು. ಫ್ರಿಜ್ಜಿನ ಗೋಡೆಯೊಳಗೆ ಶಾಖ ತಡೆಯುವ ಫೋಮ್ ಇರುತ್ತದಲ್ಲ, ಏಪ್ರಿಲಿನ ಬಿಸಿಲಿಗೂ ಒಳಗಿನ ಮಣ್ಣು ತಂಪಾಗಿಯೇ ಇರುತ್ತದೆ. ಗ್ರೋ ಬ್ಯಾಗಿನಲ್ಲಿ ಮಧ್ಯಾಹ್ನ ಜೋತುಬೀಳುತ್ತಿದ್ದ ಒಂದೆಲಗ ಇದರಲ್ಲಿ ಹಾಸಿಕೊಂಡಿತು. ಈಗಲೂ ನಮ್ಮ ತಂಬುಳಿಗೆ ಸೊಪ್ಪು ಫ್ರಿಜ್ಜಿನಿಂದಲೇ. ಮನೆಗೆ ಬಂದವರಿಗೆ ಹಾಗೆ ಹೇಳಿ ಅವರು ಅಡುಗೆಮನೆ ಕಡೆ ನೋಡುವಾಗ ನನಗೊಂದು ಖುಷಿ.

ಕೊನೆಗೆ ಕೈಹಿಡಿದದ್ದು ನಮ್ಮ ಕೆಂಪು ಕಲ್ಲು. ಕಾಸರಗೋಡಿನಲ್ಲಿ ಅದಕ್ಕೆ ಬರ ಇಲ್ಲ. 2022ರ ಜನವರಿಯಲ್ಲಿ ಮೊದಲ ಪಾತಿ ಕಟ್ಟಿಸಿದೆ. ಉದ್ದ 8 ಅಡಿ, ಎತ್ತರ ನಾಲ್ಕು ಸಾಲು ಕಲ್ಲು, ಅಂದರೆ 30 ಇಂಚಿನ ಆಸುಪಾಸು. ಅಗಲ 3 ಅಡಿ ಎಂದು ಮೇಸ್ತ್ರಿ ಅಳೆದಿದ್ದ. ನಾನು ಪಕ್ಕದಲ್ಲಿ ನಿಂತು ಮೊಣಕೈ ಪೂರ್ತಿ ಚಾಚದೆ ಕೈ ಮುಟ್ಟುವಲ್ಲಿ ಗೆರೆ ಹಾಕಿಸಿದೆ. ಎರಡೂ ಬದಿಯಿಂದ ಹಾಗೆ ಅಳೆದರೆ ನನಗೆ ಎರಡೂವರೆ ಅಡಿಯೇ ಬಂತು. ಈ ಅಳತೆ ಪುಸ್ತಕದಲ್ಲಿ ಸಿಗುವುದಿಲ್ಲ, ಪಾತಿ ಮಾಡುವವರ ಮೈಯಲ್ಲೇ ಇರುವುದು. ಗೋಡೆಯ ಗುಂಟ ಪಾತಿಯಾದರೆ ಒಂದೇ ಬದಿಯಿಂದ ಕೈಹಾಕಬೇಕಲ್ಲ, ಅಗಲ ಅದರ ಅರ್ಧ, ಒಂದೂಕಾಲು ಅಡಿ ಸಾಕು.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಕಲ್ಲು 70ರ ಹತ್ತಿರ, ಆಗ ಒಂದಕ್ಕೆ 45 ರೂಪಾಯಿ, ಇಳಿಸುವ ಕೂಲಿ ಬೇರೆ. ಮೇಸ್ತ್ರಿಗೆ ಒಂದೂವರೆ ದಿನ, ದಿನಕ್ಕೆ 1,100. ಜತೆಯಾಳಿಗೆ 850. ಒಂದು ಚೀಲ ಸಿಮೆಂಟು. ಮಣ್ಣು ನಮ್ಮ ಗುಡ್ಡೆಯ ಬರೆಯದ್ದೇ. ಒಟ್ಟು 7,000 ಆಯಿತು. ಇಷ್ಟು ದುಡ್ಡಿಗೆ ಎಷ್ಟು ವರ್ಷದ ಬೆಂಡೆ ಬರುತ್ತಿತ್ತು ಎಂದು ಯಜಮಾನರು ಲೆಕ್ಕ ಹಾಕಿದರು. ನಾನು ನೋವಿನ ಮಾತ್ರೆಯ ತಿಂಗಳ ಬಿಲ್ಲು ಮುಂದಿಟ್ಟೆ.

ಪೂರ್ತಿ ಮಣ್ಣು ತುಂಬಬೇಕಾಗಿಲ್ಲ. ಅಡಿಗೆ ಕುಂಬಾದ ಕೊರಡು, ತೆಂಗಿನ ಸಿಪ್ಪೆ, ಅದರ ಮೇಲೆ ಸೋಗೆ, ತರಗೆಲೆ, ಹಟ್ಟಿಗೊಬ್ಬರ, ಮೇಲಿನ ಒಂದು ಅಡಿ ಮಾತ್ರ ಸುಡುಮಣ್ಣು ಬೆರೆಸಿದ ಮಣ್ಣು. ಒಂದು ಮಳೆಗಾಲ ಕಳೆದರೆ ಅರ್ಧ ಅಡಿಗಿಂತ ಹೆಚ್ಚು ಇಳಿಯುತ್ತದೆ, ಆಗ ಮೇಲಿಂದ ಹಾಕುತ್ತಾ ಬರುವುದು. ತೆಂಗಿನ ಗರಿಯನ್ನು ಎರೆಹುಳದಿಂದ ಗೊಬ್ಬರ ಮಾಡಿಸುವ ಕ್ರಮವನ್ನು ನಮ್ಮ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ನನ್ನದು ಅದರದೇ ಸೋಮಾರಿ ರೂಪ: ಪಾತಿಯೇ ಗೊಬ್ಬರದ ಗುಂಡಿ.

ಮೊದಲ ಮಳೆಗಾಲದಲ್ಲಿ ಇದೂ ಕೈಕೊಟ್ಟಿತು. ಇಲ್ಲಿ ವರ್ಷಕ್ಕೆ ಮೂರು ಸಾವಿರದ ಐನೂರು ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನಿನಿಂದ ಸೆಪ್ಟೆಂಬರಿನೊಳಗೆ. ಸಿಮೆಂಟು ಹಾಕಿ ಗಟ್ಟಿ ಮಾಡಿದ ಪಾತಿಯಲ್ಲಿ ನೀರು ನಿಂತು ಮೆಣಸಿನ ಗಿಡಗಳೆಲ್ಲ ಬುಡ ಕೊಳೆತು ಹೋದವು. ಮರುವರ್ಷ ಕೆಳಗಿನ ಸಾಲಿನಲ್ಲಿ ಎರಡು ಕಲ್ಲಿಗೊಂದರಂತೆ ಸಂದು ಬಿಡಿಸಿ, ತೆಂಗಿನ ನಾರು ತುರುಕಿಸಿದೆ. ಮೇಲಿಗೆ ಪಾರದರ್ಶಕ ಶೀಟ್ ಹೊದಿಸಿದ್ದನ್ನು ಗಾಳಿ ಕಿತ್ತುಕೊಂಡು ಹೋಗಿ ತೋಡಿಗೆ ಹಾಕಿತು, 2,800 ರೂಪಾಯಿ ನೀರಿಗೆ. ಆಮೇಲೆ ಶೀಟಿನ ಯೋಚನೆ ಬಿಟ್ಟೆ. ಜೂನ್, ಜುಲೈಯಲ್ಲಿ ಪಾತಿಗೆ ಕೆಸು, ಶುಂಠಿ, ಬಸಳೆ ಮಾತ್ರ. ಮಳೆಯ ಜತೆ ಜಗಳಕ್ಕೆ ಹೋಗುವಷ್ಟು ಶಕ್ತಿ ನನಗಿಲ್ಲ.

ಬೆಳೆಯ ಆಯ್ಕೆಯಲ್ಲೂ ಕೈಯದ್ದೇ ಮಾತು. ಮೆಣಸಿಗೆ ಕೇರಳ ಕೃಷಿ ವಿಶ್ವವಿದ್ಯಾಲಯದ ‘ಉಜ್ವಲ’. ಸೊರಗು ರೋಗ ತಡೆಯುತ್ತದೆ ಎಂದು ಎಲ್ಲರೂ ನೆಡುತ್ತಾರೆ. ನಾನು ನೆಡುವುದು ಕಾಯಿ ಗೊಂಚಲಾಗಿ ಮೇಲ್ಮುಖವಾಗಿ ಬರುತ್ತದೆ ಎಂದು. ಒಂದೊಂದೇ ಕಾಯಿ ಚಿವುಟುವುದಕ್ಕೆ ಹೆಬ್ಬೆರಳು, ತೋರುಬೆರಳು ಎರಡೂ ಸರಿ ಇರಬೇಕು, ಗೊಂಚಲಾದರೆ ಅಂಗೈಯಲ್ಲಿ ಹಿಡಿದು ಹಿಂದಕ್ಕೆ ಬಾಗಿಸಿದರೆ ಸಾಕು. ಅಲಸಂಡೆಯಲ್ಲಿ ‘ಭಾಗ್ಯಲಕ್ಷ್ಮಿ’, ಅದು ಪೊದೆ ಜಾತಿ, ಚಪ್ಪರ ಕೇಳುವುದಿಲ್ಲ. ಸೊಂಟದೆತ್ತರದ ಪಾತಿಗೆ ಬಳ್ಳಿ ಹಬ್ಬಿಸಿದರೆ ಕೊಯ್ಯಲು ಏಣಿ ಬೇಕಾಗುತ್ತದೆ. ಹಾಗಲಕಾಯಿಯನ್ನು ಕಾಗದ ಸುತ್ತಿ ನೊಣದಿಂದ ಕಾಯುವ ಕೆಲಸ ನನ್ನಿಂದಾಗದು. ಗಂಡು ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂಲೂರ್ ಬಲೆ ತೂಗುಹಾಕಿ ಉಳಿದದ್ದಷ್ಟು ನನಗೆ, ಹೋದದ್ದು ನೊಣಕ್ಕೆ.

ಹರಿವೆಯಂಥ ಸಣ್ಣ ಬೀಜವನ್ನು ಚಿಟಿಕೆಯಲ್ಲಿ ಹಿಡಿಯಲು ಬರುವುದಿಲ್ಲ. ಒಣ ಮರಳಿಗೆ ಬೆರೆಸಿ ಟಾಲ್ಕಂ ಪೌಡರಿನ ಖಾಲಿ ಡಬ್ಬಿಗೆ ತುಂಬಿ, ಮೊಣಕೈ ಅಲ್ಲಾಡಿಸುತ್ತಾ ಉದುರಿಸುತ್ತೇನೆ. ಬಳ್ಳಿ ಕಟ್ಟಲು ಬಾಳೆಯ ನಾರಿನಲ್ಲಿ ಗಂಟು ಹಾಕಲಾಗದು, ಬಟ್ಟೆಯ ಕ್ಲಿಪ್ ಒತ್ತಲೂ ಆಗದು. ವಯರಿಂಗಿನವರು ಬಿಟ್ಟುಹೋದ ದಪ್ಪ ತಂತಿಯ ತುಂಡುಗಳನ್ನು ಕೊಕ್ಕೆಯಾಗಿ ಬಗ್ಗಿಸಿ ಕೊಟ್ಟರು ಯಜಮಾನರು, ಸಿಕ್ಕಿಸಿದರೆ ಆಯಿತು. ಸಣ್ಣ ಹಾರೆಯ ಹಿಡಿ ತೆಳ್ಳಗಿದ್ದಷ್ಟೂ ಗಂಟಿಗೆ ಕಷ್ಟ. ಸೈಕಲ್ ಟ್ಯೂಬ್ ಸುತ್ತಿ ನೋಡಿದೆ, ಬೆವರಿಗೆ ಅಂಟುತ್ತದೆ. ಎ.ಸಿ. ಕೂರಿಸುವವರು ತಾಮ್ರದ ಪೈಪಿಗೆ ತೊಡಿಸುವ ಕಪ್ಪು ಫೋಮ್ ಕೊಳವೆ ಎಲ್ಲಕ್ಕಿಂತ ಒಳ್ಳೆಯದು, ಒಂದು ಮಾರು ಉದ್ದಕ್ಕೆ 40–50 ರೂಪಾಯಿ. ನಳ್ಳಿ ತಿರುಗಿಸುವುದು ಬೇಡ, ಆಸ್ಪತ್ರೆಯಲ್ಲಿರುತ್ತದಲ್ಲ, ಮೊಣಕೈಯಲ್ಲಿ ದೂಡುವ ಉದ್ದ ಹಿಡಿಯದ್ದು, ಅದನ್ನೇ ಹಾಕಿಸಿ. ನನಗೆ 350 ಬಿತ್ತು. ಈ ಎಲ್ಲ ಖರ್ಚಿನಲ್ಲಿ ಕೈಗೆ ಹೆಚ್ಚು ಸುಖ ಕೊಟ್ಟದ್ದು ಆ ನಳ್ಳಿ.

ಇನ್ನು ಹೊತ್ತು. ಸೂರ್ಯ ಹುಟ್ಟುವ ಮೊದಲೇ ತೋಟಕ್ಕಿಳಿಯಬೇಕು ಎಂಬ ಹಿರಿಯರ ಮಾತು ನಮ್ಮಂಥವರಿಗಲ್ಲ. ಬೆಳಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ, ದೋಸೆ ತಿಂದು, ಬೆರಳು ಮಡಚುತ್ತದೆ ಎಂದಾದ ಮೇಲೆ ಒಂಬತ್ತೂವರೆಗೆ ಇಳಿಯುತ್ತೇನೆ. ಪಾತಿಗಳು ಆ ಹೊತ್ತಿಗೆ ಹಲಸಿನ ನೆರಳು ಬೀಳುವ ಬದಿಯಲ್ಲಿರುವುದು ಅದಕ್ಕೇ. ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ. ಹೊಡೆದ ಕೂಡಲೇ ನಿಲ್ಲಿಸುವುದು, ಕಳೆ ಅರ್ಧ ಉಳಿದಿದ್ದರೂ. ಇದು ನಮ್ಮವರಿಗೆ ಹೇಳಿದಷ್ಟು ಸುಲಭವಲ್ಲ. ಮಾಡಲಾಗುವ ದಿನ ಮೂರು ಗಂಟೆ ಮಾಡಿ ಆಮೇಲೆ ಮೂರು ದಿನ ಹಾಸಿಗೆ ಹಿಡಿಯುವುದು ಸಂಧಿವಾತದವರ ಹಳೆಯ ಚಾಳಿ. ಫಿಸಿಯೋದವರು ಹೇಳಿಕೊಟ್ಟ ಅಳತೆ ಒಂದಿದೆ: ಕೆಲಸ ಬಿಟ್ಟು ಎರಡು ಗಂಟೆ ಕಳೆದ ಮೇಲೂ ನೋವು ಮೊದಲಿಗಿಂತ ಹೆಚ್ಚಿದ್ದರೆ ಮಾಡಿದ್ದು ಅತಿಯಾಯಿತು, ನಾಳೆ ಕಡಿಮೆ ಮಾಡಿ. ಸಂಜೆ ಇನ್ನೊಂದು ಇಪ್ಪತ್ತು ನಿಮಿಷ. ಗಂಟು ಊದಿ ಬಿಸಿಯಾದ ದಿನ ನೀರು ಬಿಡುವುದು ಮಾತ್ರ, ಅದೂ ಆಗದಿದ್ದರೆ ಕುರ್ಚಿ ಹಾಕಿ ಕೂತು ನೋಡುವುದು. ವಾರದ ಮಾತ್ರೆ ಭಾನುವಾರ ರಾತ್ರಿ, ಮರುದಿನ ಸುಸ್ತು, ಹಾಗಾಗಿ ಸೋಮವಾರ ತೋಟಕ್ಕೆ ರಜೆ.

ಹೀಗೆ ಮಾಡಿ ಏನಾಯಿತು ಎಂದು ಕೇಳುತ್ತೀರಿ. ಡಾಕ್ಟರು ಪ್ರತಿಸಲ ತಮ್ಮ ಎರಡು ಬೆರಳು ನನ್ನ ಅಂಗೈಯಲ್ಲಿಟ್ಟು “ಹಿಂಡಿ” ಎನ್ನುತ್ತಾರೆ. ಮೊದಲು ಹಿಂಡಿದೆನೋ ಇಲ್ಲವೋ ಎಂದು ಮುಖ ನೋಡುತ್ತಿದ್ದರು. ಮೊನ್ನೆ ಬೆರಳು ಕಿತ್ತುಕೊಂಡು “ಸಾಕಮ್ಮ” ಅಂದರು. ಬೆಳಗಿನ ಬಿಗಿತ ಅರ್ಧ ಗಂಟೆಗೆ ಇಳಿದಿದೆ. ದಿನಾ ನುಂಗುತ್ತಿದ್ದ ನೋವಿನ ಮಾತ್ರೆ ವಾರಕ್ಕೆ ಎರಡೋ ಮೂರೋ. ಮೈಯೊಳಗಿನ ಉರಿಯೂತ ತೋರಿಸುವ ರಕ್ತಪರೀಕ್ಷೆ ಇಎಸ್ಆರ್ 60ರ ಮೇಲಿದ್ದದ್ದು 30ರ ಹತ್ತಿರ. ಈ ನಡುವೆ ಔಷಧದ ಪ್ರಮಾಣವೂ ಬದಲಾಗಿದೆ, ಅದರ ಪಾಲೆಷ್ಟು, ಪಾತಿಯ ಪಾಲೆಷ್ಟು ಎಂದು ಬೇರೆ ಮಾಡಿ ತೂಗಲು ತಕ್ಕಡಿ ಇಲ್ಲ. ಮೆಥೊಟ್ರೆಕ್ಸೇಟ್ ಬಿಟ್ಟು ಮಣ್ಣು ಮುಟ್ಟಿ ಗುಣವಾದೆ ಎನ್ನುವವರು ಸಿಕ್ಕಿದರೆ ನಂಬಬೇಡಿ. ನಿದ್ದೆ ಬರುತ್ತದೆ ಎಂಬುದು ಮಾತ್ರ ನೂರಕ್ಕೆ ನೂರು ತೋಟದ ಲೆಕ್ಕಕ್ಕೆ.

ಸೊಸೆ ಎಲ್ಲಿಂದಲೋ ಹುಡುಕಿ ತೋರಿಸಿದಳು, ನೆದರ್ಲೆಂಡಿನಲ್ಲಿ ಮಾಡಿದ ಪರೀಕ್ಷೆಯೊಂದು 2011ರಲ್ಲಿ ಅಚ್ಚಾಗಿದೆ. 30 ಜನರಿಗೆ ಮೊದಲು ತಲೆಬಿಸಿಯಾಗುವ ಕೆಲಸ ಕೊಟ್ಟು, ಆಮೇಲೆ ಅರ್ಧ ಗಂಟೆ ಕೆಲವರನ್ನು ತೋಟಕ್ಕೆ, ಕೆಲವರನ್ನು ಒಳಗೆ ಕೂತು ಓದಲು ಬಿಟ್ಟರಂತೆ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಎರಡೂ ಗುಂಪಿನವರಲ್ಲಿ ಇಳಿದರೂ ತೋಟದವರಲ್ಲಿ ಹೆಚ್ಚು ಇಳಿಯಿತು. ನನಗೆ ಹಿಡಿಸಿದ್ದು ಆ ಅರ್ಧ ಗಂಟೆ. ದಿನವಿಡೀ ಬೆವರು ಸುರಿಸಬೇಕೆಂದು ಅವರೂ ಹೇಳಲಿಲ್ಲವಲ್ಲ.

ಯಜಮಾನರದ್ದು ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ, ಪಾದದಲ್ಲಿ ಸ್ಪರ್ಶ ಕಡಿಮೆ. ಅವರಿಗೆ ತೋಟದ ರೀತಿಯೇ ಬೇರೆ. ಬರಿಗಾಲು ಎಂಬುದೇ ಇಲ್ಲ, ಮುಳ್ಳು ಚುಚ್ಚಿದರೆ ಅವರಿಗೆ ಗೊತ್ತಾಗುವುದು ಕೀವಾದ ಮೇಲೆ. ಗಮ್ ಬೂಟು ಹಾಕುವ ಮೊದಲು ತಲೆಕೆಳಗೆ ಮಾಡಿ ಕೊಡವಬೇಕು, ಹಾಕಿದವರ ಪಾದವನ್ನು ಸಂಜೆ ನಾನು ಕನ್ನಡಕ ಹಾಕಿ ನೋಡಬೇಕು. ಇನ್ಸುಲಿನ್ ಚುಚ್ಚಿಕೊಂಡು ಊಟ ತಡಮಾಡಿ ಕೆಲಸಕ್ಕಿಳಿದರೆ ಸಕ್ಕರೆ ಕೆಳಗೆ ಬೀಳುತ್ತದೆ. ಒಮ್ಮೆ ಹಾರೆ ಹಿಡಿದಲ್ಲೇ ಬೆವರಿ ನಡುಗಿದರು. ಅಂದಿನಿಂದ ನಳ್ಳಿಯ ಹತ್ತಿರ ಮುಚ್ಚಳದ ಡಬ್ಬಿಯಲ್ಲಿ ಗ್ಲೂಕೋಸ್ ಪುಡಿ ಇದೆ. ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 9ರ ಮೇಲಿದ್ದದ್ದು ಈಗ 8ರ ಒಳಗೆ. ಸಂಜೆಯ ಚಕ್ಕುಲಿ ಬಿಟ್ಟದ್ದರಿಂದ ಎಂದು ಅವರು, ಹಾಗಲಕಾಯಿ ಬುಡಕ್ಕೆ ಮಣ್ಣೇರಿಸಿದ್ದರಿಂದ ಎಂದು ನಾನು.

ಒಂದು ಎಚ್ಚರ ಮಾತ್ರ ಗಟ್ಟಿಯಾಗಿ ಹೇಳಬೇಕು. ನಮ್ಮ ಕರಾವಳಿಯ ಮಳೆಗಾಲದ ಕೆಸರಿನಲ್ಲಿ ಇಲಿಜ್ವರ ಇದೆ, ಮೆಲಿಯಾಯ್ಡೋಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಕಾಯಿಲೆಯೂ ಇದೆ. ಎರಡನೆಯದು ಹೆಚ್ಚಾಗಿ ಹಿಡಿಯುವುದು ಸಕ್ಕರೆ ಕಾಯಿಲೆಯವರನ್ನು. ನನ್ನ ಮಾತ್ರೆಯೂ ರೋಗ ತಡೆಯುವ ಶಕ್ತಿಯನ್ನು ತಗ್ಗಿಸುವಂಥದ್ದೇ. ಹಾಗಾಗಿ ಜೂನಿನಿಂದ ಇಬ್ಬರಿಗೂ ರಬ್ಬರ್ ಗ್ಲೌಸು, ಬೂಟು, ಗಾಯವಿದ್ದರೆ ಮಣ್ಣು ಮುಟ್ಟುವುದಿಲ್ಲ. ಕೆಸರಿನಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಿ ಎಂದು ಇಲ್ಲಿನ ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಬೇರೆ ಮಾತ್ರೆ ಇರುವವರು ಡಾಕ್ಟರನ್ನು ಕೇಳಿಯೇ ನುಂಗಬೇಕು. ಜ್ವರ ಬಂದರೆ “ಮಣ್ಣಿನ ಕೆಲಸ ಮಾಡುತ್ತೇನೆ” ಎಂದು ಡಾಕ್ಟರಿಗೆ ನೀವಾಗಿ ಹೇಳಿ.

ವಿಷದ ಬಾಟಲಿ ನಮ್ಮ ಜಗಲಿ ಹತ್ತುವುದಿಲ್ಲ. ನಮ್ಮ ಪಂಚಾಯತು ಎಣ್ಮಕಜೆಯ ಸುತ್ತಿನವರಿಗೆ ಅದರ ಕಾರಣ ಹೇಳಬೇಕಾಗಿಲ್ಲ. ಗೇರು ಗುಡ್ಡೆಗಳ ಮೇಲೆ 2000ದ ಕೊನೆಯವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಣ್ಣಾರೆ ಕಂಡವರು ನಾವು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕುವಾಗ ಇಲ್ಲಿನ ಎಷ್ಟೋ ಮನೆಗಳಲ್ಲಿ ಆಗಬಾರದ್ದು ಆಗಿಹೋಗಿತ್ತು. ನಾನು ಹೊಡೆಯುವುದು ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪಿನ ನೀರು. ಅದಕ್ಕೆ ಇನ್ನೂ ಒಂದು ಸೇರುತ್ತದೆ, ಅಡುಗೆಮನೆಯಲ್ಲೇ ಇರುವಂಥದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ಮೂಸಲು ಕೊಡುತ್ತೇನೆ.

ಬುದ್ಧಿ ಬೆಳವಣಿಗೆ ಹಿಂದಾದ ಮಕ್ಕಳಿಗಾಗಿ ಇರುವ ಪಂಚಾಯತಿನ ಬಡ್ಸ್ ಶಾಲೆಗೆ ಹೋಗುವ ಹುಡುಗನೊಬ್ಬ ಶನಿವಾರ ತಾಯಿಯ ಜತೆ ಬರುತ್ತಾನೆ. ಮಾತು ಕಡಿಮೆ. ಕೊಯ್ದ ಅಲಸಂಡೆಯನ್ನು ಕಲ್ಲಿನ ಅಂಚಿನಲ್ಲಿ ಉದ್ದದ ಪ್ರಕಾರ ಜೋಡಿಸುತ್ತಾನೆ. ಒಂದು ಹೆಚ್ಚುಕಡಿಮೆಯಾದರೂ ತೆಗೆದು ಮೊದಲಿನಿಂದ ಇಡುತ್ತಾನೆ. ಬೇರೆಲ್ಲೂ ಐದು ನಿಮಿಷ ಕೂರದವನು ಇಲ್ಲಿ ಮುಕ್ಕಾಲು ಗಂಟೆ ಇರುತ್ತಾನೆ, ಅಷ್ಟು ಹೊತ್ತು ಅವನ ತಾಯಿ ಜಗಲಿಯಲ್ಲಿ ಕಾಲು ಚಾಚಿ ಚಾ ಕುಡಿಯುತ್ತಾರೆ. ಆಚೆಮನೆಯ ಮಾವನಿಗೆ ಪಾರ್ಶ್ವವಾಯುವಾಗಿ ಎಡಗೈ ಎತ್ತಲಾಗದು. ಅವರು ಕೂತು ಮಾಡಬೇಕಲ್ಲ, ಕಲ್ಲಿನ ಪಾತಿಯಾದರೆ ಮೊಣಕಾಲು ಇಡಲು ಜಾಗ ಇಲ್ಲ. ಕಬ್ಬಿಣದ ಪೈಪಿನ ಕಾಲು ಕೊಟ್ಟು, ಮೇಲೆ ಅಂಚು ಕಟ್ಟಿದ ತಗಡಿನ ತಟ್ಟೆ ಕೂರಿಸಿದೆವು, 8 ಇಂಚು ಮಣ್ಣು. ಮೊದಲು ಬಲಗೈಯಲ್ಲೇ ಎಲ್ಲ ಮುಗಿಸುತ್ತಿದ್ದರು. ಅವರ ಮಗಳು ಎಡಗೈಯನ್ನು ಎತ್ತಿ ಪಾತಿಯ ಅಂಚಿಗೆ ಇಟ್ಟುಬಿಡುತ್ತಾಳೆ, ಈಗ ಚಟ್ಟಿ ಅಲುಗದಂತೆ ಒತ್ತಿಹಿಡಿಯುವಷ್ಟು ಆಗಿದೆ. ತಗಡು ಬಿಸಿಲಿಗೆ ಕಾಯುತ್ತದೆ, ಅದಕ್ಕೆ ಅಡಿಕೆ ಹಾಳೆ ಹೊದಿಸಿ ನೋಡುತ್ತಿದ್ದೇವೆ.

ಬದನೆಯನ್ನು ಸುಂಡೆ ಗಿಡಕ್ಕೆ ಕಸಿ ಕಟ್ಟುವ ಹುಚ್ಚೂ ಒಂದು ಹಿಡಿದಿತ್ತು. ಸುಂಡೆಯ ಬೇರಿಗೆ ಸೊರಗು ರೋಗ ಹತ್ತುವುದಿಲ್ಲ. ಬ್ಲೇಡು ಹಿಡಿದು ಸೀಳುವುದು ನನ್ನ ಕೈಲಾಗದ್ದು, ತಂಗಿಯ ಮಗಳು ಮಾಡಿಕೊಟ್ಟಳು. ಇಪ್ಪತ್ತೈದರಲ್ಲಿ ಹತ್ತೋ ಹನ್ನೊಂದೋ ಬದುಕಿದವು. ಬದುಕಿದ್ದು ಎರಡನೆಯ ವರ್ಷವೂ ಕಾಯಿ ಕೊಡುತ್ತಿದೆ, ಗುಳ್ಳದ ಹುಳಿ ಮಾಡಿ ಸಾಕಾಯಿತು. ಟೊಮೆಟೊ ಕಟ್ಟಿದ್ದು ಒಂದೂ ಉಳಿಯಲಿಲ್ಲ.

ಈಗ ಐದು ಕಲ್ಲಿನ ಪಾತಿ, ಒಂದು ಫ್ರಿಜ್ಜು. ಮನೆಗೆ ಆಗಿ ಉಳಿದದ್ದು ಸೀಸನ್ನಿನಲ್ಲಿ ವಾರಕ್ಕೆ 400–500 ರೂಪಾಯಿಗೆ ಹೋಗುತ್ತದೆ. ಹಾಕಿದ ದುಡ್ಡು 40 ಸಾವಿರ ದಾಟಿದೆ, ತರಕಾರಿಯಿಂದ ವಾಪಸು ಬಂದದ್ದು ಅರ್ಧ ಆಗಿರಬಹುದು. ಕಲ್ಲಿಗೆ ಈಗ 55 ಹೇಳುತ್ತಾರೆ, ಮೇಸ್ತ್ರಿಯ ಕೂಲಿಯೂ ಏರಿದೆ. ಕಟ್ಟಿಸುವವರು ಮೊದಲು ಒಂದೇ ಕಟ್ಟಿಸಿ, ಸಿಮೆಂಟು ಎಲ್ಲ ಸಾಲಿಗೂ ಹಾಕಿಸಬೇಡಿ, ಮತ್ತೆ ಎತ್ತರ ಬದಲಿಸಬೇಕಾದರೆ ಬಿಚ್ಚಲು ಬರುತ್ತದೆ. ನೋಡಲು ಬರುವವರು ಹತ್ತು ಗಂಟೆಯ ನಂತರ ಬನ್ನಿ, ಸೋಮವಾರ ಮಾತ್ರ ಬೇಡ.